ಸನ್ನದು ಬಂದ ಬೇಸಿಗೆ: 1200ರಲ್ಲಿ ಇಪ್ಸ್‌ವಿಚ್ ಪಟ್ಟಣ ತನ್ನ ಆಡಳಿತ ಕಟ್ಟಿಕೊಂಡ ಬಗೆ

1200ನೇ ಇಸವಿಯ ಜೂನ್ 29, ಗುರುವಾರ. ಇಂಗ್ಲೆಂಡಿನ ಪೂರ್ವ ಭಾಗದ ಇಪ್ಸ್‌ವಿಚ್‌ನಲ್ಲಿ ಊರ ಜನರೆಲ್ಲ ಸೇಂಟ್ ಮೇರಿ ಅಟ್ ದ ಟವರ್ ಚರ್ಚಿನ ಅಂಗಳದಲ್ಲಿ ಸೇರಿದರು. ಅದಕ್ಕೆ ಸರಿಯಾಗಿ ಐದು ವಾರ ಮೊದಲು, ಮೇ 25ರಂದು, ದೊರೆ ಜಾನ್ ಪಟ್ಟಣಕ್ಕೆ ಸನ್ನದು, ಎಂದರೆ ಹಕ್ಕುಗಳನ್ನು ಬರೆದುಕೊಟ್ಟ ಪತ್ರ, ಕೊಟ್ಟಿದ್ದ. ಈಗ ಅದನ್ನು ಬಳಕೆಗೆ ತರಬೇಕಿತ್ತು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಇಂಥ ಸನ್ನದು ಪಡೆದ ಪಟ್ಟಣಗಳು ಹಲವಾರು. ಸನ್ನದಿನ ಪಠ್ಯಗಳೂ ಬೇಕಾದಷ್ಟು ಉಳಿದಿವೆ. ಆದರೆ ಅದು ಕೈಗೆ ಬಂದ ಮೇಲೆ ಊರವರು ಯಾವ ದಿನ ಎಲ್ಲಿ ಸೇರಿದರು, ಯಾರನ್ನು ಹೇಗೆ ಆರಿಸಿದರು, ಏನೆಂದು ಪ್ರಮಾಣ ಮಾಡಿದರು, ಮೊಹರನ್ನು ಯಾರ ಕೈಗಿಟ್ಟರು ಎಂಬ ವಿವರ ಬಹುತೇಕ ಊರುಗಳ ವಿಷಯದಲ್ಲಿ ಇಲ್ಲವೇ ಇಲ್ಲ. ಇಪ್ಸ್‌ವಿಚ್‌ನ ವಿಷಯದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಸಭೆಗಳ ದಾಖಲೆ ತಾರೀಕು, ಹೆಸರುಗಳ ಸಮೇತ ಉಳಿದಿದೆ. ನಮಗೆ ಸಿಕ್ಕಿರುವುದು ಮೂಲ ಸುರುಳಿಯಲ್ಲ, ನಂತರದ ಕಾಲದ ಪ್ರತಿ. ಮೂಲ ಏಕೆ ಸಿಗದು ಎಂಬುದೂ ಈ ಪ್ರಕರಣದ ಒಂದು ಮುಖ್ಯ ಭಾಗವೇ. ಅದು ಮುಂದೆ ಬರುತ್ತದೆ.

ಈ ದಾಖಲೆಯನ್ನು ಸನ್ನದಿನ ಪಕ್ಕದಲ್ಲಿಟ್ಟು ಓದಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ದೊರೆ ಕೊಟ್ಟದ್ದು ಕಡಿಮೆ, ಊರು ತಾನಾಗಿ ಕಟ್ಟಿಕೊಂಡದ್ದು ಹೆಚ್ಚು. ಮುಂದಿನ ನೂರಿಪ್ಪತ್ತು ವರ್ಷ ಕಾಡಿದ ದೋಷವೂ ಆ ಮೊದಲ ಗುರುವಾರವೇ ಒಳಗೆ ಸೇರಿಕೊಂಡಿತು.

ಸನ್ನದಿಗಿಂತ ಹಳೆಯ ಊರು

ಇಪ್ಸ್‌ವಿಚ್ ಸನ್ನದಿನಿಂದ ಹುಟ್ಟಿದ ಪಟ್ಟಣವಲ್ಲ. 1200ರ ಹೊತ್ತಿಗೆ ಅದಕ್ಕೆ ಹತ್ತಿರ ಹತ್ತಿರ ಆರುನೂರು ವರ್ಷ. ಗಿಪ್ಪಿಂಗ್ ನದಿ ಅಗಲಗೊಂಡು ಆರ್ವೆಲ್ ಎಂಬ ಅಳಿವೆಯಾಗುವ ಜಾಗದಲ್ಲಿ, ಸಮುದ್ರದಿಂದ ಹತ್ತು ಹನ್ನೆರಡು ಮೈಲಿ ಒಳಗೆ, ಏಳನೇ ಶತಮಾನದಲ್ಲೇ ವ್ಯಾಪಾರದ ನೆಲೆಯೊಂದು ಬೆಳೆಯಿತು. ಆಗಿನ ಹೆಸರು ಗಿಪೆಸ್‌ವಿಕ್. ಕೊನೆಯ 'ವಿಕ್' ಅದು ವ್ಯಾಪಾರದ ತಾಣ ಎಂಬುದರ ಗುರುತು. ಲಂಡನ್ನಿನ ಲುಂಡೆನ್‌ವಿಕ್, ಸೌತಾಂಪ್ಟನ್ ಬಳಿಯ ಹ್ಯಾಮ್‌ವಿಕ್, ಯಾರ್ಕ್‌ನ ಎಯೊಫೊರ್‌ವಿಕ್ ಇದೇ ಸಾಲಿನವು. ಹಡಗು ಅಲೆಗಳಿಂದ ರಕ್ಷಣೆ ಪಡೆದು ನಿಲ್ಲಬಹುದು, ಉಬ್ಬರ ಬಂದಾಗ ಹೊರಡಬಹುದು, ಎದುರು ದಂಡೆಯ ಫ್ರಿಸಿಯಾ, ರೈನ್ ನದಿಯ ಮುಖ ದೂರವಲ್ಲ. ಎಂಟನೇ ಶತಮಾನದಲ್ಲಿ ಇಲ್ಲಿ ನಿಧಾನಗತಿಯ ತಿರುಗಣೆಯ ಮೇಲೆ ಮಾಡಿ ಗೂಡಿನಲ್ಲಿ ಸುಟ್ಟ ಮಡಕೆಗಳು ಕೆಂಟ್‌ನಿಂದ ಯಾರ್ಕ್‌ಷೈರ್‌ವರೆಗೆ ಹೋಗಿವೆ. ಉತ್ಖನನದಲ್ಲಿ ಸಿಗುವ ಆ ಮಡಕೆಗೆ ಇಂದಿಗೂ ಈ ಊರಿನದೇ ಹೆಸರು.

991ರಲ್ಲಿ ವೈಕಿಂಗರು ಊರನ್ನು ಸುಲಿದರು. 1010ರಲ್ಲಿ ಮತ್ತೆ ಇಲ್ಲೇ ಬಂದು ಇಳಿದರು. ಅಷ್ಟರಲ್ಲಿ ಊರಿಗೆ ಟಂಕಸಾಲೆ ಬಂದಿತ್ತು, ಸುತ್ತ ಕಂದಕ ಮತ್ತು ಮಣ್ಣಿನ ದಿಬ್ಬವಿತ್ತು. ಇಂಗ್ಲಿಷ್ ಪಟ್ಟಣಗಳೆಲ್ಲ ಒಂದೇ ಬಗೆಯಲ್ಲಿ ಹುಟ್ಟಿದವಲ್ಲ. ಕೆಲವು ರೋಮನ್ ಕೋಟೆಗೋಡೆಗಳ ಒಳಗೆ ಮತ್ತೆ ಜೀವ ಪಡೆದವು, ಕೆಲವು ವೈಕಿಂಗರನ್ನು ತಡೆಯಲು ಕಟ್ಟಿದ ಕೋಟೆಗಳ ಸುತ್ತ ಬೆಳೆದವು, ಕೆಲವು ಮಠದ ಬಾಗಿಲಲ್ಲಿ ಕಟ್ಟಿದ ಸಂತೆಯಿಂದ, ಇನ್ನು ಕೆಲವು ಜಮೀನುದಾರ ಹೊಲದಲ್ಲಿ ಹಗ್ಗ ಹಿಡಿದು ನಿವೇಶನ ಅಳೆದು ಹಂಚಿದ್ದರಿಂದ ಹುಟ್ಟಿದವು. ಇಪ್ಸ್‌ವಿಚ್‌ನದು ದಕ್ಕೆಯ ಕತೆ. ಹಾಗಾಗಿಯೇ ಅದರ ಆಡಳಿತದ ಮಾತು ಎಲ್ಲಿಂದ ಶುರುವಾದರೂ ಸುಂಕಕ್ಕೆ ಬಂದು ನಿಲ್ಲುತ್ತದೆ.

ದೇಶದ ಆಸ್ತಿ, ಆದಾಯಗಳನ್ನು ದೊರೆ ಬರೆಸಿದ 1086ರ ಡೂಮ್ಸ್‌ಡೇ ಸಮೀಕ್ಷೆಯಲ್ಲಿ ಊರಿನ ಸ್ಥಿತಿ ಎದೆ ಹಿಂಡುವಂತಿದೆ. ನಾರ್ಮನ್ನರು ಬರುವ ಮೊದಲು, ದೊರೆ ಎಡ್ವರ್ಡ್‌ನ ಕಾಲದಲ್ಲಿ, ದೊರೆಗೆ ಸಲ್ಲಬೇಕಾದ್ದನ್ನು ಸಲ್ಲಿಸುವ ಬರ್ಜೆಸ್‌ಗಳು, ಎಂದರೆ ಪಟ್ಟಣದ ಹಕ್ಕುದಾರರು, 538 ಮಂದಿ. ಅವರಿಗೆ 40 ಎಕರೆ ಭೂಮಿ. ಇಪ್ಪತ್ತು ವರ್ಷದ ನಂತರ ಉಳಿದವರು 110. ಅವರ ಜೊತೆ 100 ಮಂದಿ ಬಡ ಬರ್ಜೆಸ್‌ಗಳಿದ್ದರು. ದೊರೆಯ ತೆರಿಗೆಗೆ ತಲೆಗೆ ಒಂದು ಪೆನ್ನಿಗಿಂತ ಹೆಚ್ಚು ಕೊಡುವ ಶಕ್ತಿ ಅವರಿಗಿರಲಿಲ್ಲ. 328 ಮನೆ-ನಿವೇಶನಗಳು ಪಾಳು ಬಿದ್ದಿದ್ದವು. ಕೌಂಟಿಯಲ್ಲಿ, ಎಂದರೆ ಜಿಲ್ಲೆಯಲ್ಲಿ, ದೊರೆಯ ಅಧಿಕಾರಿಯಾದ ಶೆರಿಫ್ ರೋಜರ್ ಪಟ್ಟಣದ ಆದಾಯವನ್ನು 40 ಪೌಂಡಿಗೆ ಗುತ್ತಿಗೆ ಕೊಟ್ಟ, ಅಷ್ಟು ಹುಟ್ಟಲಿಲ್ಲ, 60 ಶಿಲ್ಲಿಂಗ್, ಎಂದರೆ 3 ಪೌಂಡ್, ಬಿಟ್ಟುಕೊಟ್ಟು 37 ಪೌಂಡಿಗೆ ಇಳಿಸಬೇಕಾಯಿತು.

ಗುತ್ತಿಗೆ ಎಂಬ ಬೀಗದ ಕೈ

ಆ 40 ಮತ್ತು 37 ಪೌಂಡುಗಳ ಲೆಕ್ಕ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪಟ್ಟಣದಿಂದ ದೊರೆಗೆ ಬರುವ ಆದಾಯ ಹಲವು ಚಿಲ್ಲರೆ ಬಾಬ್ತುಗಳದು: ನಿವೇಶನಗಳ ಬಾಡಿಗೆ, ಸಂತೆಯ ಸುಂಕ, ದಕ್ಕೆಯ ಸುಂಕ, ನ್ಯಾಯಸಭೆಯ ದಂಡ. ಇವನ್ನು ಒಂದೊಂದಾಗಿ ವಸೂಲಿ ಮಾಡುವುದು ದೂರದ ವೆಸ್ಟ್‌ಮಿನ್‌ಸ್ಟರ್‌ನಿಂದ ಆಗದ ಮಾತು. ಅದಕ್ಕೆ ದೊರೆ ಇಡಿಯಾಗಿ ಒಂದು ಮೊತ್ತ ಗೊತ್ತು ಮಾಡಿ ಶೆರಿಫ್‌ಗೆ ವಹಿಸುತ್ತಿದ್ದ. ಆ ಮೊತ್ತ ಖಜಾನೆಗೆ, ಮೇಲೆ ಹಿಂಡಿದ್ದೆಲ್ಲ ಶೆರಿಫ್‌ನ ಜೇಬಿಗೆ. ಊರವರ ದೂರು ತೆರಿಗೆ ಇದೆ ಎಂಬುದಲ್ಲ; ಎಷ್ಟು ಎಂಬುದಕ್ಕೆ ಮಿತಿಯೇ ಇಲ್ಲ, ಕೇಳಲು ಬರುವವನು ಹೊರಗಿನವನು ಎಂಬುದು.

ಪರಿಹಾರ ಸರಳವಾಗಿತ್ತು. ಆ ಗುತ್ತಿಗೆಯನ್ನು ಊರೇ ಹಿಡಿಯಬೇಕು, ಅದೂ ಒಂದೆರಡು ವರ್ಷಕ್ಕಲ್ಲ, ಶಾಶ್ವತವಾಗಿ. ಇದಕ್ಕೆ ಫೀ ಫಾರ್ಮ್ ಎಂದು ಹೆಸರು. ವರ್ಷಕ್ಕೆ ಇಷ್ಟೇ ಎಂದು ಒಮ್ಮೆ ಗೊತ್ತಾದರೆ ವಸೂಲಿ ಮಾಡುವವರು ಊರವರೇ, ಉಳಿದದ್ದು ಊರಿಗೇ. ವ್ಯಾಪಾರ ಬೆಳೆದಂತೆ ಲಾಭವೂ ಊರಿನದೇ. ಪಟ್ಟಣದ ಸ್ವಾತಂತ್ರ್ಯ ಎಂಬ ದೊಡ್ಡ ಮಾತಿನ ಬುಡದಲ್ಲಿ ಇದ್ದದ್ದು ಈ ಲೆಕ್ಕ. ವಸೂಲಿ ಮಾಡಲು ಅಧಿಕಾರಿ ಬೇಕು, ಕೊಡದವನನ್ನು ವಿಚಾರಿಸಲು ನ್ಯಾಯಸಭೆ ಬೇಕು, ಲೆಕ್ಕಕ್ಕೆ ಗುಮಾಸ್ತ ಬೇಕು, ಖಜಾನೆಯ ಮುಂದೆ ಊರಿನ ಪರವಾಗಿ ನಿಲ್ಲಲು ಊರು ಎಂಬುದೇ ಒಂದು ವ್ಯಕ್ತಿಯಂತೆ ಆಗಬೇಕು. ಗುತ್ತಿಗೆಯನ್ನು ಹಿಡಿದು ಎಳೆದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ.

ದೊರೆಗಳು ಇದನ್ನು ಕೊಟ್ಟದ್ದು ಧಾರಾಳದಿಂದಲ್ಲ. ಒಂದನೇ ರಿಚರ್ಡ್‌ಗೆ ಧರ್ಮಯುದ್ಧಕ್ಕೆ ಹಣ ಬೇಕಿತ್ತು, ಆಮೇಲೆ ಸೆರೆಯಿಂದ ಬಿಡಿಸಿಕೊಳ್ಳಲು 1,50,000 ಮಾರ್ಕ್‌ಗಳ ಒತ್ತೆಹಣ ಗೊತ್ತಾಯಿತು. ತಮ್ಮ ಜಾನ್‌ಗೂ ಫ್ರಾನ್ಸಿನ ಯುದ್ಧಕ್ಕೆ ಹಣ ಸಾಲದು. 1189ರಲ್ಲಿ ರಿಚರ್ಡ್ ಪಟ್ಟಕ್ಕೆ ಬಂದಂದಿನಿಂದ 1200ರವರೆಗಿನ ಹನ್ನೆರಡು ವರ್ಷಗಳಲ್ಲಿ ಸನ್ನದುಗಳು ಒಂದರ ಹಿಂದೆ ಒಂದು ಹೊರಬಿದ್ದವು. 1200ರಲ್ಲಿ ಲಿಂಕನ್, ನಾರ್ಥಾಂಪ್ಟನ್, ಗ್ಲಾಸ್ಟರ್, ಶ್ರೂಸ್‌ಬರಿಗಳಿಗೆ ಸಿಕ್ಕ ಸನ್ನದುಗಳ ಮಾತಿಗೂ ಇಪ್ಸ್‌ವಿಚ್‌ನ ಸನ್ನದಿನ ಮಾತಿಗೂ ಬಹಳ ಹೋಲಿಕೆ ಇದೆ. ದೊರೆಯ ಬರಹಗಾರರ ಹತ್ತಿರ ಒಂದು ಮಾದರಿ ಸಿದ್ಧವಿತ್ತು ಎಂದೇ ಹೇಳಬೇಕು.

ಸನ್ನದಿನಲ್ಲಿ ಇದ್ದದ್ದು

ಪಟ್ಟಣವನ್ನು ಬರ್ಜೆಸ್‌ಗಳಿಗೂ ಅವರ ವಾರಸುದಾರರಿಗೂ ದೊರೆ ಗುತ್ತಿಗೆಗೆ ಕೊಟ್ಟ. ರೂಢಿಯ ಹಳೆಯ ಮೊತ್ತ, ಅದರ ಮೇಲೆ 100 ಶಿಲ್ಲಿಂಗ್, ಎಂದರೆ 5 ಪೌಂಡ್, ಹೆಚ್ಚುವರಿ. ಪ್ರತಿ ವರ್ಷ ಸೆಪ್ಟೆಂಬರ್ 29ರ ಸೇಂಟ್ ಮೈಕೆಲ್ ಹಬ್ಬಕ್ಕೆ ನೇರವಾಗಿ ಖಜಾನೆಯಲ್ಲಿ ಕಟ್ಟಬೇಕು. ಶೆರಿಫ್ ನಡುವೆ ಬರುವಂತಿಲ್ಲ. ದೊರೆಯ ಇಡೀ ರಾಜ್ಯದಲ್ಲಿ, ಬಂದರುಗಳಲ್ಲೂ ಸೇರಿ, ಇಪ್ಸ್‌ವಿಚ್‌ನ ಬರ್ಜೆಸ್ ಸುಂಕ, ಅಂಗಡಿ ಹಾಕುವ ಬಾಡಿಗೆ, ದಾರಿ ಸುಂಕ, ಸೇತುವೆ ಸುಂಕ ಕೊಡಬೇಕಿಲ್ಲ. ವರ್ತಕರ ಗಿಲ್ಡ್, ಎಂದರೆ ಸಂಘ, ಇಟ್ಟುಕೊಳ್ಳಬಹುದು. ಕೆಲವು ಬಾಬ್ತು ಬಿಟ್ಟರೆ ಊರಿನವನ ಮೇಲಿನ ದಾವೆಯನ್ನು ಊರಿನ ಹೊರಗೆ ಹೂಡುವಂತಿಲ್ಲ. ಊರಿನಲ್ಲಿ ಮಾಡಿದ ಸಾಲದ ವ್ಯಾಜ್ಯ ಊರಿನಲ್ಲೇ ತೀರಬೇಕು. ಯಾರೂ ಬಲವಂತದಿಂದ ಊರಲ್ಲಿ ಬಿಡಾರ ಹೂಡುವಂತಿಲ್ಲ. ದೊರೆಯ ಪರಿವಾರದವರು ಬಂದು ಮನೆ ಹೊಕ್ಕರೆ ಏನಾಗುತ್ತದೆ ಎಂದು ಅನುಭವಿಸಿದವರಿಗೆ ಈ ಕಲಮಿನ ಬೆಲೆ ಗೊತ್ತು.

ಅಧಿಕಾರಿಗಳ ವಿಷಯದಲ್ಲಿ ಸನ್ನದು ಹೇಳಿದ್ದು ಎರಡೇ ಮಾತು. ಊರವರು ಒಟ್ಟಾಗಿ ಆಲೋಚಿಸಿ ಇಬ್ಬರು ಯೋಗ್ಯರನ್ನು ಆರಿಸಿ ಮುಖ್ಯ ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಬೇಕು. ಅವರು ಊರಿನ ಆಡಳಿತ ನೋಡಿಕೊಳ್ಳಬೇಕು. ಸರಿಯಾಗಿ ನಡೆದುಕೊಳ್ಳುವ ತನಕ, ಊರಿನ ಒಮ್ಮತವಿಲ್ಲದೆ ಅವರನ್ನು ತೆಗೆಯುವಂತಿಲ್ಲ. ಇನ್ನು ನಾಲ್ವರನ್ನು ಆರಿಸಬೇಕು. ಅವರು ದೊರೆಗೆ ಸೇರಿದ ಅಪರಾಧ ಪ್ರಕರಣಗಳ ದಾಖಲೆ ಇಡಬೇಕು, ಜೊತೆಗೆ ಆ ಇಬ್ಬರು ಆಡಳಿತಗಾರರು ಬಡವ ಬಲ್ಲಿದ ಎನ್ನದೆ ನ್ಯಾಯವಾಗಿ ನಡೆಯುತ್ತಾರೋ ಇಲ್ಲವೋ ನೋಡಬೇಕು. ಮೊದಲಿನವರು ಬೇಲಿಫ್‌ಗಳು, ಎರಡನೆಯವರು ಕೊರೊನರ್‌ಗಳು. ಕೊರೊನರ್ ಹುದ್ದೆ ಇಂಗ್ಲೆಂಡಿನಲ್ಲಿ ಶುರುವಾಗಿ ಆಗಿನ್ನೂ ಆರೇ ವರ್ಷ.

ಸನ್ನದು ಕೊಟ್ಟ ಹುದ್ದೆಗಳು ಇಷ್ಟೇ. ಆಡಳಿತ ಮಂಡಳಿ, ಮೊಹರು, ನೌಕರರು, ಕಾನೂನಿನ ಪುಸ್ತಕ ಯಾವುದರ ಮಾತೂ ಅದರಲ್ಲಿಲ್ಲ.

ಜೂನ್‌ನಿಂದ ಅಕ್ಟೋಬರ್

ಜೂನ್ 29ರ ಸಭೆ ಇಬ್ಬರು ಬೇಲಿಫ್‌ಗಳನ್ನು ಒಮ್ಮತದಿಂದ ಆರಿಸಿತು: ನಾರ್ಮನ್‌ನ ಮಗ ಜಾನ್, ವಿಲಿಯಂ ಡಿ ಬೆಲೀನ್ಸ್. ಆಮೇಲೆ ನಾಲ್ವರು ಕೊರೊನರ್‌ಗಳು: ನಾರ್ಮನ್‌ನ ಮಗ ಜಾನ್, ವಿಲಿಯಂ ಡಿ ಬೆಲೀನ್ಸ್, ಫಿಲಿಪ್ ಡಿ ಪೋರ್ಟಾ, ರೋಜರ್ ಲ್ಯೂ. ಹೆಸರುಗಳನ್ನು ಇನ್ನೊಮ್ಮೆ ಓದಬೇಕು. ಬೇಲಿಫ್‌ಗಳ ಮೇಲೆ ಕಣ್ಣಿಡಬೇಕಾದ ನಾಲ್ವರಲ್ಲಿ ಇಬ್ಬರು ಆ ಬೇಲಿಫ್‌ಗಳೇ. ಸನ್ನದಿನ ಅಕ್ಷರ ಪಾಲನೆಯಾಯಿತು; ಅದರ ಉದ್ದೇಶ ಅರ್ಧಕ್ಕೆ ನಿಂತಿತು.

ಅದೇ ದಿನ ಇನ್ನೊಂದು ನಿರ್ಣಯವಾಯಿತು. ಇಂಗ್ಲೆಂಡಿನ ಇತರ ಸ್ವತಂತ್ರ ಪಟ್ಟಣಗಳಲ್ಲಿ ಇರುವಂತೆ ಇಲ್ಲಿಯೂ ಹನ್ನೆರಡು ಮಂದಿ ಪ್ರಧಾನ ಪೋರ್ಟ್‌ಮನ್‌ಗಳು ಇರಬೇಕು, ಊರನ್ನೂ ಅದರ ಹಕ್ಕುಗಳನ್ನೂ ಕಾಪಾಡಲು, ತೀರ್ಪು ಕೊಡಲು, ಊರಿನ ಪರವಾಗಿ ಬೇಕಾದ್ದನ್ನು ಮಾಡಲು ಅವರಿಗೆ ಪೂರ್ಣ ಅಧಿಕಾರವಿರಬೇಕು ಎಂದು. ಪೋರ್ಟ್ ಎಂದರೆ ಇಲ್ಲಿ ಬಂದರಲ್ಲ, ಮಾರುಕಟ್ಟೆಯಿರುವ ಪಟ್ಟಣ. ಹಳೆಯ ಇಂಗ್ಲಿಷಿನ ಅರ್ಥ ಅದು. ಈ ಮಂಡಳಿಗೆ ದೊರೆಯ ಅಪ್ಪಣೆ ಕೇಳಲಿಲ್ಲ. 'ಬೇರೆ ಊರುಗಳಲ್ಲಿ ಇದೆ' ಎಂಬುದೇ ಸಾಕಾದ ಆಧಾರವಾಯಿತು. ವ್ಯಾಪಾರಕ್ಕೆ ಊರೂರು ತಿರುಗುವವರು ಸರಕಿನ ಜೊತೆ ಆಡಳಿತದ ಮಾದರಿಯನ್ನೂ ಹೊತ್ತು ತಂದಿದ್ದರು ಎಂದು ಇದರಿಂದ ಗೊತ್ತಾಗುತ್ತದೆ.

ಆಯ್ಕೆಗೆ ಮೂರು ದಿನದ ವಾಯಿದೆ ಕೊಟ್ಟು ಜುಲೈ 2ರ ಭಾನುವಾರ ಎಲ್ಲರೂ ಬರಬೇಕೆಂದು ಸಾರಿದರು. ಆ ದಿನದ ಕ್ರಮ ಹೀಗಿತ್ತು. ಬೇಲಿಫ್‌ಗಳೂ ಕೊರೊನರ್‌ಗಳೂ ಊರಿನ ಒಪ್ಪಿಗೆ ಪಡೆದು ಪ್ರತಿ ಪ್ಯಾರಿಷ್‌ನಿಂದ, ಎಂದರೆ ಪ್ರತಿ ಚರ್ಚಿನ ಕೇರಿಯಿಂದ, ನಾಲ್ಕು ಮಂದಿಯನ್ನು ಆರಿಸಿದರು. ಹಾಗೆ ಬಂದವರು ಪ್ರಮಾಣ ಮಾಡಿ, ಊರಿನ ಉತ್ತಮರೂ ವಿವೇಕಿಗಳೂ ಅನುಕೂಲಸ್ಥರೂ ಆದ ಹನ್ನೆರಡು ಮಂದಿಯನ್ನು ಹೆಸರಿಸಿದರು. ಕೇರಿ ಕೇರಿಗೆ ಪಾಲು ಸಿಕ್ಕಂತೆ ಕಂಡರೂ ಮೊದಲ ಜರಡಿ ಹಿಡಿದವರು ಆಗಲೇ ಅಧಿಕಾರದಲ್ಲಿದ್ದವರು. ಫಲಿತಾಂಶವೂ ಹಾಗೆಯೇ ಬಂತು: ಮೊದಲ ನಾಲ್ಕು ಹೆಸರು ಆ ನಾಲ್ವರು ಕೊರೊನರ್‌ಗಳದೇ. ಆಮೇಲೆ ಪೀಟರ್ ಎವೆರಾರ್ಡ್, ವಿಲಿಯಂ ಗಾಟ್ಸ್‌ಚಾಕ್, ಅಮಿಸ್ ಬೋಲ್, ಜಾನ್ ಡಿ ಸೇಂಟ್ ಜಾರ್ಜ್, ಜಾನ್ ಲೆ ಮೇಸ್ಟರ್, ಥರ್‌ಸ್ಟನ್‌ನ ಮಗ ಸೇಯರ್, ರಾಬರ್ಟ್ ಪ್ಯಾರಿಸ್, ಆಂಡ್ರ್ಯೂ ಪೆಪರ್. ಗಾಟ್ಸ್‌ಚಾಕ್ ಜರ್ಮನ್ ಕಡೆಯ ಹೆಸರು, ಥರ್‌ಸ್ಟನ್ ಸ್ಕ್ಯಾಂಡಿನೇವಿಯಾದ್ದು. ಉತ್ತರ ಸಮುದ್ರದ ಎಲ್ಲ ದಂಡೆಗಳೂ ಆ ಪಟ್ಟಿಯಲ್ಲಿ ಇವೆ.

ಹನ್ನೆರಡು ಮಂದಿ ಪ್ರಮಾಣ ಮಾಡಿದ ಮೇಲೆ ಊರವರ ಸರದಿ. ಸುವಾರ್ತೆಯ ಪುಸ್ತಕವನ್ನು ಎತ್ತಿ ಹಿಡಿದರು. ನೆರೆದವರೆಲ್ಲ ಅದರತ್ತ ಕೈ ಚಾಚಿ, ಬೇಲಿಫ್, ಕೊರೊನರ್ ಮತ್ತು ಪೋರ್ಟ್‌ಮನ್‌ಗಳಿಗೆ ವಿಧೇಯರಾಗಿರುತ್ತೇವೆ, ಊರಿನ ಮಾನ, ಹಕ್ಕು, ರೂಢಿಗಳನ್ನು ತನುಧನದಿಂದ ಉಳಿಸಿಕೊಳ್ಳುತ್ತೇವೆ ಎಂದು ಒಂದೇ ದನಿಯಲ್ಲಿ ಪ್ರಮಾಣ ಮಾಡಿದರು. ದೊರೆಯ ಅಧಿಕಾರಕ್ಕೆ ಎದುರಾಗಿ ಮಾತ್ರ ಅಲ್ಲ ಎಂಬ ಒಂದು ಷರತ್ತನ್ನೂ ಸೇರಿಸಿದರು. ಈ ಸಾಮೂಹಿಕ ಪ್ರಮಾಣವನ್ನು ಬರಿಯ ಆಚರಣೆ ಎಂದು ಕಾಣಬಾರದು. ಬಿಡಿ ಬಿಡಿ ಮನುಷ್ಯರನ್ನು ಒಂದು ಸಮುದಾಯವಾಗಿ ಹೊಲಿದ ದಾರ ಅದೇ. ನಿಗಮ, ನೋಂದಣಿ ಎಂಬ ಕಾನೂನಿನ ಕಲ್ಪನೆಗಳು ಬೆಳೆಯದಿದ್ದ ಕಾಲದಲ್ಲಿ ಪ್ರಮಾಣವೇ ಊರನ್ನು ಊರಾಗಿಸುತ್ತಿತ್ತು.

ಜುಲೈ 13ರಂದು ಬೇಲಿಫ್, ಕೊರೊನರ್, ಪೋರ್ಟ್‌ಮನ್‌ಗಳು ಮಾತ್ರ ಕೂತು ನಿಯಮಗಳನ್ನು ಬರೆದರು. ಸುಂಕವನ್ನು ಬೇಲಿಫ್‌ಗಳು ತಾವಿಬ್ಬರೇ ಮುಟ್ಟುವಂತಿಲ್ಲ, ಇನ್ನು ನಾಲ್ಕು ಮಂದಿಯ ಜೊತೆಗೂಡಿ ಎತ್ತಬೇಕು, ಅದರಿಂದಲೇ ಖಜಾನೆಯ ಗುತ್ತಿಗೆ ತೀರಿಸಬೇಕು. ಇಬ್ಬರು ಬೀಡಲ್‌ಗಳು, ಎಂದರೆ ಜಪ್ತಿ, ಸಮನ್ಸು ಮೊದಲಾದ ಓಡಾಟದ ಕೆಲಸದ ನೌಕರರು, ಪ್ರಮಾಣ ಮಾಡಿ ಕೆಲಸಕ್ಕೆ ಸೇರಬೇಕು. ಅವರಲ್ಲೊಬ್ಬ ಸೆರೆಮನೆ ಕಾಯಬೇಕು. ಊರಿಗೊಂದು ಮೊಹರು ಮಾಡಿಸಬೇಕು. ಹೊಸ ಸನ್ನದನ್ನು ಇಪ್ಸ್‌ವಿಚ್ ಮತ್ತು ನಾರಿಚ್‌ನಲ್ಲಿ ಕೂಡುವ ಕೌಂಟಿ ಸಭೆಗಳಿಗೆ ಒಯ್ದು ಬಹಿರಂಗವಾಗಿ ಓದಿಸಬೇಕೆಂಬ ತೀರ್ಮಾನವೂ ಆ ಬೇಸಿಗೆಯದೇ. ಇದು ಬಹಳ ವ್ಯಾವಹಾರಿಕವಾದ ಹೆಜ್ಜೆ. ಸುತ್ತಲ ಹಳ್ಳಿಯ ಜಮೀನುದಾರನಿಗೆ, ಪಕ್ಕದ ಸಂತೆಯ ಸುಂಕದವನಿಗೆ ವಿಷಯ ಗೊತ್ತಿಲ್ಲದಿದ್ದರೆ ಪೆಟ್ಟಿಗೆಯೊಳಗಿನ ಸನ್ನದಿನಿಂದ ಏನು ಪ್ರಯೋಜನ?

ಸೆಪ್ಟೆಂಬರ್ 10ರ ಭಾನುವಾರ ಅದೇ ಚರ್ಚಿನ ಅಂಗಳದಲ್ಲಿ ಎಲ್ಲ ನಿಯಮಗಳನ್ನು ಓದಿ ಹೇಳಿ ಊರಿನ ಒಪ್ಪಿಗೆ ಪಡೆದರು. ಕೆಲವರು ಬರೆದದ್ದು ಎಲ್ಲರ ಒಪ್ಪಿಗೆಯಿಲ್ಲದೆ ನಿಯಮವಾಗದು ಎಂಬ ಅರಿವು ಅಲ್ಲಿತ್ತು.

ಅಕ್ಟೋಬರ್ 12ಕ್ಕೆ ಮೊಹರು ಸಿದ್ಧವಾಗಿತ್ತು. ಅದರ ಒಂದು ಬದಿಗೆ ಚರ್ಚು, ಇನ್ನೊಂದು ಬದಿಗೆ ಹಡಗು. ಆ ಹಡಗಿನ ಹಿಂಬದಿಗೆ ಚುಕ್ಕಾಣಿಯನ್ನು ನೇರವಾಗಿ ಜೋಡಿಸಿರುವುದು ಸ್ಪಷ್ಟವಾಗಿ ಕಾಣುತ್ತದೆ. ಪಕ್ಕಕ್ಕೆ ಕಟ್ಟುವ ಹಳೆಯ ಹುಟ್ಟಿನಂಥ ಚುಕ್ಕಾಣಿಯಲ್ಲ. ಇಂಗ್ಲೆಂಡಿನಲ್ಲಿ ಈ ಬಗೆಯ ಚುಕ್ಕಾಣಿಯ ಅತಿ ಹಳೆಯ ಚಿತ್ರಗಳಲ್ಲಿ ಇದೊಂದು ಎಂದು ನೌಕಾ ಇತಿಹಾಸದವರು ಇಂದಿಗೂ ಈ ಮೊಹರನ್ನು ಉಲ್ಲೇಖಿಸುತ್ತಾರೆ. ಮೊಹರಿಗೆ ಎರಡು ಕೆಲಸ. ಊರಿಗೆಲ್ಲ ಸಂಬಂಧಪಟ್ಟ ದೊಡ್ಡ ಪತ್ರಗಳಿಗೆ ಒತ್ತುವುದು ಒಂದು. ಹೊರಗೆ ವ್ಯಾಪಾರಕ್ಕೆ ಹೋಗುವವನಿಗೆ 'ಈತ ನಮ್ಮ ಬರ್ಜೆಸ್, ಸುಂಕದಿಂದ ವಿನಾಯಿತಿ ಇದೆ' ಎಂಬ ಸಾಕ್ಷಿಪತ್ರ ಕೊಡುವುದು ಇನ್ನೊಂದು. ಎರಡನೆಯದಿಲ್ಲದೆ ಸನ್ನದಿನ ಅತ್ಯಂತ ಲಾಭದ ಕಲಮು ದೂರದ ಸಂತೆಯಲ್ಲಿ ನಡೆಯುತ್ತಿರಲಿಲ್ಲ. ಕಾಪಾಡಲು ಮೂವರನ್ನು ನೇಮಿಸಿದರು: ಆ ಇಬ್ಬರು ಬೇಲಿಫ್‌ಗಳು ಮತ್ತು ಫಿಲಿಪ್ ಡಿ ಪೋರ್ಟಾ. ಮೂವರೂ ಪೋರ್ಟ್‌ಮನ್‌ಗಳು, ಮೂವರೂ ಕೊರೊನರ್‌ಗಳು.

ಅಂದೇ ಗಿಲ್ಡ್‌ನ ಮುಖ್ಯಸ್ಥನಾಗಿ, ಆಲ್ಡರ್‌ಮನ್ ಆಗಿ, ವಿಲಿಯಂ ಗಾಟ್ಸ್‌ಚಾಕ್ ಬಂದ; ಅವನ ಜೊತೆಗೆ ನಾಲ್ಕು ಮಂದಿ ಸಹಾಯಕರು. ಬರ್ಜೆಸ್‌ಗಳೆಲ್ಲ ಅವನ ಮುಂದೆ ಬಂದು ಗಿಲ್ಡ್ ಸೇರಿ ಪ್ರವೇಶದ ಹಣ ಕೊಡಬೇಕು. ಗಿಲ್ಡ್‌ನ ಖರ್ಚಿಗೆ ಒಂದು ಏಕಸ್ವಾಮ್ಯ: ಊರಿಗೆ ಬರುವ ಒರಳು, ಬೀಸುವ ಕಲ್ಲು, ನೆಲಹಾಸಿನ ಕಲ್ಲು, ಅಮೃತಶಿಲೆ ಇವನ್ನು ಕೊಂಡು ಮಾರುವ ಹಕ್ಕು ಆಲ್ಡರ್‌ಮನ್‌ಗೆ ಮಾತ್ರ, ಲಾಭ ಗಿಲ್ಡ್‌ಗೆ. ಕಲ್ಲೇ ಏಕೆ? ಇಪ್ಸ್‌ವಿಚ್ ಇರುವ ಸಫೋಕ್ ಸೀಮೆಯಲ್ಲಿ ಒಳ್ಳೆಯ ಕಟ್ಟಡದ ಕಲ್ಲು ಸಿಗುವುದಿಲ್ಲ. ಇಂಥ ಭಾರದ ಸರಕು ಹಡಗಿನಲ್ಲೇ ಬರಬೇಕು, ದಕ್ಕೆಯಲ್ಲೇ ಇಳಿಯಬೇಕು. ಕದ್ದು ಸಾಗಿಸುವುದು ಸುಲಭವಲ್ಲ, ಬಡವರ ದಿನದ ಊಟಕ್ಕೂ ಕೈ ಹಾಕಿದಂತಾಗುವುದಿಲ್ಲ. ಹಣ ಎತ್ತುವ ದಾರಿಗಳಲ್ಲಿ ಇದಕ್ಕಿಂತ ವಿವೇಕದ್ದು ಸಿಗುವುದು ಕಷ್ಟ.

ಪೋರ್ಟ್‌ಮನ್‌ಗಳ ಶ್ರಮಕ್ಕೆ ಸಂಬಳವಿಲ್ಲ, ಅವರ ಕುದುರೆಗಳಿಗೆ ಮೇವಿಗೆಂದು ಓಡೆನ್‌ಹೋಮ್ ಎಂಬ ಹುಲ್ಲುಗಾವಲು ಬಿಟ್ಟುಕೊಟ್ಟರು. ಪೋರ್ಟ್‌ಮನ್‌ಗಳ ಜೌಗು ಹುಲ್ಲುಗಾವಲಿನ ಹೆಸರು ಊರಿನಲ್ಲಿ ಈಗಲೂ ಉಳಿದಿದೆ; ಇಪ್ಸ್‌ವಿಚ್ ಟೌನ್ ಫುಟ್‌ಬಾಲ್ ತಂಡದ ಮೈದಾನ ಪೋರ್ಟ್‌ಮನ್ ರೋಡ್‌ಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಊರಿನ ಕಾನೂನು, ರೂಢಿಗಳನ್ನೆಲ್ಲ ಒಂದು ಸುರುಳಿಯಲ್ಲಿ ಬರೆದು ಬೇಲಿಫ್‌ಗಳ ಬಳಿ ಇಡಬೇಕು, ಅದನ್ನು ಡೂಮ್ಸ್‌ಡೇ ಎಂದು ಕರೆಯಬೇಕು (1086ರ ಸಮೀಕ್ಷೆ ಬೇರೆ, ಇದು ಬೇರೆ), ಗಿಲ್ಡ್‌ನ ನಿಯಮಗಳ ಸುರುಳಿ ಬೇರೆಯಾಗಿ ಆಲ್ಡರ್‌ಮನ್ ಬಳಿ ಇರಬೇಕು ಎಂದೂ ಗೊತ್ತುಮಾಡಿದರು.

ಖಜಾನೆಯ ಮೇಜು

ವರ್ಷಕ್ಕೊಮ್ಮೆ ಊರಿನ ಪರೀಕ್ಷೆ ನಡೆಯುತ್ತಿದ್ದದ್ದು ಖಜಾನೆಯಲ್ಲಿ. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು, ಮೇಲೆ ಚೌಕಳಿ ಬಟ್ಟೆ, ಅದರ ಅಂಕಣಗಳಲ್ಲಿ ಬಿಲ್ಲೆಗಳನ್ನಿಟ್ಟು ಕೂಡಿಸಿ ಕಳೆಯುತ್ತಿದ್ದರು. ಕಟ್ಟಿದ ಹಣಕ್ಕೆ ರಸೀದಿ ಮರದ ಕಡ್ಡಿ. ಅದರ ಮೇಲೆ ಗೀರುಗಳು: ಸಾವಿರ ಪೌಂಡಿಗೆ ಅಂಗೈ ಅಗಲ, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳಗಲ, ಒಂದು ಪೌಂಡಿಗೆ ಬಲಿತ ಜವೆಕಾಳಿನಗಲ, ಶಿಲ್ಲಿಂಗಿಗೆ ಅದಕ್ಕೂ ಸಣ್ಣದು, ಪೆನ್ನಿಗೆ ಬರಿಯ ಗೆರೆ. ಗೀರು ಹಾಕಿ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳು ಕಟ್ಟಿದವನಿಗೆ, ಒಂದು ಖಜಾನೆಗೆ. ಎರಡೂ ಕೂಡಿದಾಗ ಗೀರುಗಳು ಹೊಂದಬೇಕು. 40 ಪೌಂಡಿನ ಕಡ್ಡಿಯಲ್ಲಿ ಎರಡು ಕಿರುಬೆರಳಗಲದ ಗೀರು ಅಷ್ಟೇ. ಆದರೆ ಆ ಗೀರಿನ ಹಿಂದೆ 9,600 ಬೆಳ್ಳಿ ಪೆನ್ನಿಗಳು, ಸುಮಾರು 14 ಕಿಲೋ ಬೆಳ್ಳಿ. ಪೌಂಡ್ ಎಂಬ ನಾಣ್ಯವೇ ಇರಲಿಲ್ಲ. 20 ಶಿಲ್ಲಿಂಗ್ ಅಥವಾ 240 ಪೆನ್ನಿಗಳಿಗೆ ಲೆಕ್ಕದಲ್ಲಿ ಇಟ್ಟ ಹೆಸರು ಅದು.

ಹಣ ಎಣಿಸಿ ಕೊಡುವುದೋ ಪರೀಕ್ಷೆ ಮಾಡಿಸಿ ಕೊಡುವುದೋ ಎಂಬುದರಲ್ಲೂ ವ್ಯತ್ಯಾಸವಿದೆ. ಕೆಲವು ಗುತ್ತಿಗೆಗಳಿಗೆ ಒಂದು ಪೌಂಡಿನಷ್ಟು ನಾಣ್ಯ ಕರಗಿಸಿ ಎಷ್ಟು ತೂಕ ಕಡಿಮೆ ಬಂತೋ ಅಷ್ಟನ್ನು ಪ್ರತಿ ಪೌಂಡಿಗೂ ಸೇರಿಸಿ ತೆರಬೇಕಿತ್ತು. ಇಪ್ಸ್‌ವಿಚ್‌ನ ಹೆಚ್ಚುವರಿ 100 ಶಿಲ್ಲಿಂಗನ್ನು ಎಣಿಕೆಯ ಲೆಕ್ಕದಲ್ಲಿ ಕೊಡಬೇಕೆಂದು ಸನ್ನದು ಸ್ಪಷ್ಟವಾಗಿ ಹೇಳಿದ್ದರ ಅರ್ಥ ಇಲ್ಲಿದೆ.

ಗುತ್ತಿಗೆ ಬಾಕಿ ಬಿದ್ದರೆ ಜವಾಬು ಕೊಡಬೇಕಾದವರು ಬೇಲಿಫ್‌ಗಳು. ಕೆಟ್ಟ ವರ್ಷದಲ್ಲಿ ಕೈಯಿಂದ ಹಾಕಿ ತೀರಿಸಬಲ್ಲವನೇ ಬೇಲಿಫ್ ಆಗಬೇಕು. ಶ್ರೀಮಂತರೇ ಮತ್ತೆ ಮತ್ತೆ ಆಯ್ಕೆಯಾದದ್ದಕ್ಕೆ ಅಧಿಕಾರದ ಆಸೆಯೊಂದೇ ಕಾರಣವಲ್ಲ, ಖಜಾನೆಯ ಈ ಮೇಜೂ ಕಾರಣ. ಇದನ್ನು ಮರೆತು ಆ ಕುಟುಂಬಗಳನ್ನು ಬೈಯುವುದು ನ್ಯಾಯವಲ್ಲ.

ಉಬ್ಬರದಿಂದ ಉಬ್ಬರಕ್ಕೆ

ಊರಿನ ನ್ಯಾಯಸಭೆಯ ಪದ್ಧತಿ 1291ರಲ್ಲಿ ಬರೆದ ಕಾನೂನಿನ ಸಂಗ್ರಹದಿಂದ ಗೊತ್ತಾಗುತ್ತದೆ. ಊರವರ ಜಮೀನಿನ ದಾವೆಗೆ ಅದರದೇ ನಿಧಾನವಿದೆ. ಹೊರಗಿನ ವ್ಯಾಪಾರಿಗಳ ವ್ಯಾಜ್ಯ ಮಾತ್ರ ದಿನದಿಂದ ದಿನಕ್ಕೆ, ಜಾತ್ರೆಯ ಕಾಲದಲ್ಲಿ ಗಂಟೆಯಿಂದ ಗಂಟೆಗೆ ನಡೆಯಬೇಕು. ಕಾಲಿಗೆ ದಾರಿಯ ಧೂಳು ಮೆತ್ತಿಕೊಂಡೇ ಬಂದವರ ಸಭೆ ಎಂಬರ್ಥದ ಹೆಸರು ಅದಕ್ಕೆ. ಹಡಗಿನವರ ವ್ಯಾಜ್ಯ ಉಬ್ಬರದಿಂದ ಉಬ್ಬರಕ್ಕೆ ತೀರಬೇಕು. ನೀರು ಏರಿದರೆ ಅವರು ಹೊರಡಲೇಬೇಕಲ್ಲ. ಹುಡುಗ ಯಾವಾಗ ವಯಸ್ಕ ಎಂಬುದಕ್ಕೂ ವ್ಯಾಪಾರದ ಊರಿಗೆ ತಕ್ಕ ಉತ್ತರವಿತ್ತು: 14 ತುಂಬಿ, ಎಣಿಸಲೂ ಅಳೆಯಲೂ ಬಂದರೆ ಸಾಕು. ಮನೆಯನ್ನು ಉಯಿಲಿನ ಮೂಲಕ ಬೇಕಾದವರಿಗೆ ಬಿಟ್ಟುಹೋಗುವ ಹಕ್ಕು ಬರ್ಜೆಸ್‌ಗಿತ್ತು. ಹಳ್ಳಿಯ ಜಮೀನಿನಲ್ಲಿ ಆ ಸ್ವಾತಂತ್ರ್ಯ ಇರಲಿಲ್ಲ. ಸಾಲಕ್ಕೆ ಮನೆ ಒತ್ತೆಯಿಡುವುದು, ಮಾರಿ ಹಡಗಿಗೆ ಬಂಡವಾಳ ಹಾಕುವುದು ಇವೆಲ್ಲ ಆ ಬಗೆಯ ಹಿಡುವಳಿಯಿಂದಲೇ ಸಾಧ್ಯವಾಯಿತು.

ಕೆಟ್ಟದ್ದು ಎಲ್ಲಿ

1272ರಲ್ಲಿ ಊರಿನ ಗುಮಾಸ್ತ ಜಾನ್ ಲೆ ಬ್ಲೇಕ್ ಓಡಿಹೋದ. ಬರಿಗೈಯಲ್ಲಿ ಅಲ್ಲ, ಡೂಮ್ಸ್‌ಡೇ ಸುರುಳಿಯನ್ನೂ ಇತರ ಸುರುಳಿಗಳನ್ನೂ ಹೊತ್ತುಕೊಂಡು. ಊರಿನ ಕಾನೂನೆಲ್ಲ ಒಂದೇ ಪ್ರತಿಯಲ್ಲಿ, ಒಬ್ಬನ ಕೈಯಲ್ಲಿ ಇತ್ತು. ಮೊಹರಿಗೆ ಮೂವರು ಕಾವಲುಗಾರರನ್ನು ಇಟ್ಟ ಊರು ಕಾನೂನಿನ ಸುರುಳಿಗೆ ಎರಡನೇ ಪ್ರತಿ ಮಾಡಿಸಲಿಲ್ಲ. ರೂಢಿಯ ಮೇಲೆ ನಿಂತ ಪಟ್ಟಣಕ್ಕೆ ಇದು ಎಂಥ ಪೆಟ್ಟು ಎಂದು ಊಹಿಸಬೇಕು. 'ನಮ್ಮಲ್ಲಿ ಹೀಗೆ ನಡೆಯುತ್ತದೆ' ಎಂದು ಕಕ್ಷಿಗಾರ ಹೇಳಿದರೆ ಹೌದೋ ಅಲ್ಲವೋ ನೋಡಲು ಪುಟವೇ ಇಲ್ಲ. ತೀರ್ಪು ಹಿರಿಯರ ನೆನಪಿಗೆ ಬಿತ್ತು, ನೆನಪು ಅಧಿಕಾರದಲ್ಲಿರುವವರ ಕಡೆಗೇ ವಾಲುತ್ತದೆ.

1280ರ ದಶಕದಲ್ಲಿ ಒಂದನೇ ಎಡ್ವರ್ಡ್ ಪಟ್ಟಣದ ಹಕ್ಕುಗಳನ್ನೇ ತನ್ನ ಕೈಗೆ ತೆಗೆದುಕೊಂಡ. ಸನ್ನದು 'ಶಾಶ್ವತ' ಎಂದರೂ ತಪ್ಪು ಕಂಡರೆ ಹಿಂತೆಗೆಯುವ ಅಧಿಕಾರ ದೊರೆಯ ಬಳಿ ಯಾವಾಗಲೂ ಇರುತ್ತಿತ್ತು. ಲಂಡನ್ನಿಗೂ ಆ ದಶಕದಲ್ಲಿ ಅದೇ ಗತಿ. 1291ರಲ್ಲಿ ಹಕ್ಕುಗಳು ಮರಳಿದವು, ಆದರೆ ಗುತ್ತಿಗೆ 60 ಪೌಂಡಿಗೆ ಏರಿತು. ಕಡ್ಡಿಯ ಮೇಲೆ ಈಗ ಮೂರು ಕಿರುಬೆರಳಗಲದ ಗೀರು. ಹಕ್ಕು ಮರಳಿದ ಕೂಡಲೇ ಊರು ಮಾಡಿದ ಕೆಲಸ 24 ಮಂದಿಯನ್ನು ಆರಿಸಿ ಕಳೆದುಹೋದ ಕಾನೂನನ್ನು ನೆನಪಿನಿಂದ ಮತ್ತೆ ಬರೆಸಿದ್ದು. ಭಾಷೆ ಆಗಿನ ಇಂಗ್ಲೆಂಡಿನ ಫ್ರೆಂಚ್. ಮೇಲೆ ಹೇಳಿದ ಉಬ್ಬರದ ಕಲಮು, ಎಣಿಸಿ ಅಳೆಯುವ ಹುಡುಗನ ಕಲಮು ನಮಗೆ ದಕ್ಕಿರುವುದು ಆ 24 ಮಂದಿಯಿಂದ.

ಮೊದಲ ಗುರುವಾರದ ದೋಷ ಪೂರ್ತಿ ಹಣ್ಣಾದದ್ದು ಹದಿನಾಲ್ಕನೇ ಶತಮಾನದ ಆರಂಭದಲ್ಲಿ. ಥಾಮಸ್ ಸ್ಟೇಸ್, ಥಾಮಸ್ ಲೆ ರೆಂಟ್ ಎಂಬಿಬ್ಬರು ಮತ್ತೆ ಮತ್ತೆ ಬೇಲಿಫ್‌ಗಳಾದರು. 1320ರಲ್ಲಿ ಊರು ಹೊಸ ನಿಯಮಗಳನ್ನು ಮಾಡಿತು. ದೂರುಗಳು ಆ ನಿಯಮಗಳೊಳಗೇ ಇವೆ. ಆಯ್ಕೆ ಊರಿನ ಒಪ್ಪಿಗೆಯಿಲ್ಲದೆ ಕೆಲವರ ನಡುವೆ ನಡೆದುಹೋಗುತ್ತಿತ್ತು. ಹೊರಗಿನವರನ್ನು ಗುಟ್ಟಾಗಿ ಬರ್ಜೆಸ್ ಮಾಡಿಕೊಂಡು ಆ ಹಣ ಸಮುದಾಯಕ್ಕೆ ಸೇರುತ್ತಿರಲಿಲ್ಲ. ಎರಡನೆಯದರ ಭಾರವನ್ನು ಕಡಿಮೆ ಎಣಿಸಬಾರದು. ಒಬ್ಬ ಹೊಸ ಬರ್ಜೆಸ್ ಎಂದರೆ ಸುಂಕ ಕೊಡದ ಇನ್ನೊಬ್ಬ ವ್ಯಾಪಾರಿ. ಅವನು ಪ್ರವೇಶದ ಹಣ ಕೊಡದೆ ಒಳಬಂದರೆ 60 ಪೌಂಡಿನಲ್ಲಿ ಅವನ ಪಾಲು ಉಳಿದವರ ಮೇಲೆ ಬೀಳುತ್ತದೆ.

ಪರಿಹಾರವಾಗಿ ಬೇಲಿಫ್‌ಗಳ ಆಯ್ಕೆ ಪ್ರತಿವರ್ಷ ಸೆಪ್ಟೆಂಬರ್ 8ರಂದು ಬಹಿರಂಗವಾಗಿ, ಅಧಿಕಾರ ಸೆಪ್ಟೆಂಬರ್ 29ರಿಂದ ಎಂಬುದನ್ನು ಗಟ್ಟಿ ಮಾಡಿದರು. ಪ್ರವೇಶ ಊರಿನ ತಿಳಿವಳಿಕೆಯಲ್ಲಿ ಆಗಬೇಕು, ಹಣ ಊರಿನ ಲೆಕ್ಕಕ್ಕೆ ಸೇರಬೇಕು. ಕಾವಲು ಮಾಡುವವನೂ ಕಾವಲಿಗೆ ಒಳಗಾಗುವವನೂ ಒಬ್ಬನೇ ಆಗಬಾರದು ಎಂಬ ನಿಯಮವೊಂದನ್ನು 1200ರಲ್ಲೇ ಬರೆದಿದ್ದರೆ ಈ ನೂರಿಪ್ಪತ್ತು ವರ್ಷದ ಜಗಳದಲ್ಲಿ ಬಹುಪಾಲು ತಪ್ಪುತ್ತಿತ್ತು.

ಇದೆಲ್ಲವನ್ನೂ ತೂಗುವಾಗ ನಲವತ್ತು ಕಿಲೋಮೀಟರಿನಷ್ಟು ದೂರದ ಬರಿ ಸೇಂಟ್ ಎಡ್ಮಂಡ್ಸ್ ಅನ್ನು ಪಕ್ಕದಲ್ಲಿ ಇಡಬೇಕು. ಅದೂ ಸಫೋಕ್‌ನ ಪಟ್ಟಣವೇ, ವ್ಯಾಪಾರವೂ ಇತ್ತು, ಅನುಕೂಲಸ್ಥರೂ ಇದ್ದರು. ಆದರೆ ಊರಿನ ಒಡೆಯ ದೊರೆಯಲ್ಲ, ಬೆನೆಡಿಕ್ಟೀನ್ ಮಠದ ಅಧಿಪತಿ. ದೊರೆಗೆ ಪಟ್ಟಣಗಳು ಹಲವು, ಹಣದ ತುರ್ತು ಹೆಚ್ಚು, ಇರುವುದು ದೂರ, ಆದ್ದರಿಂದ ಮಾರಿದ. ಮಠಾಧಿಪತಿಗೆ ಇದ್ದದ್ದು ಆ ಒಂದು ಪಟ್ಟಣ, ಅದೂ ಮನೆಬಾಗಿಲಲ್ಲಿ. ಆತ ಬಿಟ್ಟುಕೊಡಲಿಲ್ಲ. ಊರಿನ ಮುಖ್ಯಸ್ಥನ ನೇಮಕಕ್ಕೂ ಮಠದ ಒಪ್ಪಿಗೆ ಬೇಕಿತ್ತು. 1327ರಲ್ಲಿ ಊರವರು ಮಠಕ್ಕೆ ನುಗ್ಗಿ ಬಲವಂತದಿಂದ ಸನ್ನದು ಬರೆಸಿಕೊಂಡರು; ಅದು ನಿಲ್ಲಲಿಲ್ಲ, ದಂಗೆ ಅಡಗಿತು. ಮಠವೇ ಇಲ್ಲವಾದ ಎಷ್ಟೋ ಕಾಲದ ನಂತರ, 1606ರಲ್ಲಿ, ಬರಿಗೆ ಸ್ವಂತ ಆಡಳಿತದ ಸನ್ನದು ಸಿಕ್ಕಿತು.

ಇಪ್ಸ್‌ವಿಚ್ 1446ರಲ್ಲಿ ಆರನೇ ಹೆನ್ರಿಯಿಂದ ನಿಗಮದ ಸ್ಥಾನ ಪಡೆಯಿತು. ಆ ಹೊತ್ತಿಗೆ ಬಹುಪಾಲು ದೊಡ್ಡ ಪಟ್ಟಣಗಳು ಒಬ್ಬ ಮೇಯರ್‌ನನ್ನು ಇಟ್ಟುಕೊಂಡಿದ್ದವು. ಇಲ್ಲಿ ಮಾತ್ರ ಇಬ್ಬರು ಬೇಲಿಫ್‌ಗಳು, ಅವರ ಜೊತೆ ಪೋರ್ಟ್‌ಮನ್‌ಗಳು, 1835ರಲ್ಲಿ ಪಾರ್ಲಿಮೆಂಟು ಹೊಸ ಪುರಸಭೆ ಕಾಯಿದೆ ತಂದು ಅವರನ್ನು ತೆಗೆದು ಮೇಯರ್‌ನನ್ನು ಕೂರಿಸುವ ತನಕ ನಡೆದುಕೊಂಡು ಬಂದರು.